ಮೀನು ತೋರಿಸುವ ಪೆಟ್ಟಿಗೆ

ನಮ್ಮ ಮನೆಯ ದೊಡ್ಡ ಟಿವಿಯ ಪಕ್ಕದಲ್ಲಿ ಅಂಗೈಯಗಲದ ಇನ್ನೊಂದು ಟಿವಿ ಇದೆ. ಬಂದವರು ಯಾರೂ ಅದನ್ನು ಒಮ್ಮೆ ಎತ್ತಿ ನೋಡದೆ ಕಾಫಿ ಕುಡಿಯುವುದಿಲ್ಲ. ಎದುರು ಮನೆಯ ಮೇಷ್ಟ್ರು ಅದನ್ನು ಬಿಪಿ ನೋಡುವ ಮೆಷೀನೆಂದುಕೊಂಡು ಅಂಗಿಯ ತೋಳು ಮಡಿಸಿ ಕೂತೇಬಿಟ್ಟಿದ್ದರು. ಹಾಲು ತರುವ ಹೆಂಗಸು ಮಾತ್ರ ಅದರ ವೈರಿನ ತುದಿಗಿದ್ದ ಸೋಪಿನ ಗಾತ್ರದ ಕರಿ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿ, ‘ಬಸುರೀರ ಹೊಟ್ಟೆ ಮೇಲೆ ಇಟ್ಟು ನೋಡ್ತಾರಲ್ಲ ಸಾರ್, ಆ ಮೆಷೀನಾ ಇದು?’ ಎಂದು ಕೇಳಿದಳು. ಇದುವರೆಗಿನ ಊಹೆಗಳಲ್ಲಿ ನಿಜಕ್ಕೆ ಹತ್ತಿರ ಬಂದದ್ದು ಅವಳೊಬ್ಬಳದೇ.

ಅದರ ಹೆಸರು ಫಿಶ್ ಫೈಂಡರ್. ಸಣ್ಣ ದೋಣಿಗೆ ಕಟ್ಟಿಕೊಂಡು ಹೋದರೆ ನೀರಿನೊಳಗೆ ಮೀನು ಎಲ್ಲಿದೆ, ತಳ ಎಷ್ಟು ಆಳದಲ್ಲಿದೆ, ತಳದಲ್ಲಿರುವುದು ಕೆಸರೋ ಕಲ್ಲೋ ಎಂದು ತೆರೆಯ ಮೇಲೆ ತೋರಿಸುತ್ತದೆ. ಗೌರಿಬಿದನೂರಿನಲ್ಲಿ ಇಂಥದ್ದನ್ನು ಇಟ್ಟುಕೊಂಡವನು ನಾನೊಬ್ಬನೇ ಇರಬೇಕು. ನಾನೇನು ಮೀನುಗಾರನಲ್ಲ. ಇಲ್ಲಿಯ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದು ನಿವೃತ್ತನಾದವನು. ಗೂಡಿನಂಥ ಕೋಣೆಯಲ್ಲಿ ಕೂತು ಮೈಕು ಹಿಡಿದು ‘ಮಂಚೇನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ’ ಎಂದು ಕೂಗುವುದು ನನ್ನ ಕೆಲಸವಾಗಿತ್ತು. ಕೂಗಿ ಬಾಯಿ ಮುಚ್ಚುವುದರೊಳಗೆ ಯಾರಾದರೂ ಕಿಟಕಿಗೆ ಮೂಗು ಒತ್ತಿ, ‘ಸಾರ್, ಚಿಂತಾಮಣಿ ಬಸ್ಸು ಯಾವಾಗ?’ ಎಂದು ಕೇಳುತ್ತಿದ್ದರು. ‘ಕಣ್ಣೆದುರಿಗೇ ನಿಂತಿರೋ ಬಸ್ಸನ್ನ ನಿಂತಿದೆ ಅಂತ ಹೇಳೋಕೆ ನಿಮಗೆ ಸಂಬಳ ಕೊಡ್ತಾರಲ್ಲ, ಆ ಪುಣ್ಯಾತ್ಮರಿಗೆ ಕೈ ಮುಗೀಬೇಕು’ ಎಂದು ನನ್ನ ಹೆಂಡತಿ ಪ್ರಮೀಳ ಆಡಿಕೊಳ್ಳುತ್ತಿದ್ದಳು.

ಪೆಟ್ಟಿಗೆಯ ವಿಷಯಕ್ಕೆ ಬರೋಣ. ಮೀನು ಹಿಡಿಯಲು ತಂದದ್ದು ಎಂದು ಊರಿಗೆಲ್ಲ ಹೇಳಿದ್ದೇನೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ತಂದದ್ದು ಪ್ರಮೀಳನನ್ನು ಹುಡುಕಲು. ಅವಳಿದ್ದದ್ದು ನಮ್ಮೂರ ಕೆರೆಯ ತಳದಲ್ಲಿ.

ಗಾಬರಿಯಾಗಬೇಡಿ, ಅವಳು ಮುಳುಗಿ ಸತ್ತವಳಲ್ಲ. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದು, ಮನೆಯವರ ನಡುವೆಯೇ, ಹಗಲು ಹೊತ್ತಿನಲ್ಲಿ ಹೋದಳು. ಅವಳನ್ನು ಮಣ್ಣು ಮಾಡಿದ ದಿನ ಆ ಕೆರೆಯಲ್ಲಿ ಕಾಗೆ ಕೊಕ್ಕು ನೆನೆಸಿಕೊಳ್ಳುವಷ್ಟೂ ನೀರಿರಲಿಲ್ಲ.

ನಮ್ಮೂರು ಇರುವುದು ಮಂಚೇನಹಳ್ಳಿಗೂ ತೊಂಡೇಬಾವಿಗೂ ನಡುವೆ. ಕೆರೆ ದೊಡ್ಡದು, ಕಟ್ಟೆ ಎತ್ತರದ್ದು, ತೂಬಿಗೆ ಆನೆ ಕಾಲಿನಂಥ ಎರಡು ಕಲ್ಲುಕಂಬ. ಇಲ್ಲದ್ದು ನೀರೊಂದೇ. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಒಣಗಿದ ಕೆರೆ ನನ್ನ ತಲೆ ನೆರೆದರೂ ಒಣಗಿಯೇ ಇತ್ತು. ಒಳಗೆಲ್ಲ ಜಾಲಿ ಬೆಳೆದು ಕಾಡಾಗಿತ್ತು. ನಮ್ಮೂರಲ್ಲಿ ಯಾರೂ ಯಾವುದನ್ನೂ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಕೆರೆ ತುಂಬಿದಾಗ ನೋಡಣ’ ಎನ್ನುತ್ತಿದ್ದರು. ಮಗನಿಗೆ ಸೈಕಲ್ಲು, ಮಗಳಿಗೆ ಓಲೆ, ಊರಿಗೆ ಬಸ್ಸು, ಎಲ್ಲವೂ ಕೆರೆ ತುಂಬಿದಾಗ. ತೆಲುಗು ಮನೆಮಾತಿನ ಮುದುಕಿಯರು ಅದನ್ನೇ ‘ಚೆರುವು ನಿಂಡಿನಪ್ಪುಡು ಚೂದ್ದಾಂ’ ಎಂದು ಎಳೆದು ಹೇಳಿದರೆ, ಇದ್ದಬದ್ದ ಆಸೆಯೂ ಹೊರಟುಹೋಗುತ್ತಿತ್ತು.

ನಮ್ಮ ಕೇರಿಗೆ ಸ್ಮಶಾನ ಇರಲಿಲ್ಲ. ಊರಿಗೆ ಇತ್ತು, ಅದು ಊರವರದ್ದು. ಕೇಳಿದಾಗಲೆಲ್ಲ ಪಂಚಾಯ್ತಿಯವರು ‘ಜಾಗ ನೋಡ್ತಾ ಇದೀವಿ’ ಎಂದರು. ಈಗಲೂ ನೋಡುತ್ತಲೇ ಇದ್ದಾರೆ. ಹೀಗಾಗಿ ನಮ್ಮವರು ಸತ್ತರೆ ಕೆರೆಯಂಗಳಕ್ಕೆ ಹೊತ್ತುಕೊಂಡು ಹೋಗುತ್ತಿದ್ದೆವು. ಅಲ್ಲಿ ಯಾರ ಅಪ್ಪಣೆಯೂ ಬೇಡ. ಹೂಳಿನ ಮಣ್ಣು ಮೆತ್ತಗೆ, ಗುದ್ದಲಿ ಹಾಕಿದರೆ ಬೆಣ್ಣೆಯ ಹಾಗೆ ಬರುತ್ತಿತ್ತು. ನನ್ನ ಅಪ್ಪ ಅಲ್ಲಿ, ಅಜ್ಜಿ ಅಲ್ಲಿ, ಪ್ರಮೀಳನ ಅಮ್ಮ ಅಲ್ಲಿ. ಪ್ರಮೀಳನ ತವರೂ ನಮ್ಮ ಕೇರಿಯೇ, ಆ ತುದಿಯಿಂದ ಈ ತುದಿಗೆ ಮದುವೆಯಾಗಿ ಬಂದವಳು. ಬುದ್ಧನ ಫೋಟೊಗೂ ಊರದೇವತೆ ಸಪ್ಲಮ್ಮನ ಫೋಟೊಗೂ ಒಂದೇ ಊದುಬತ್ತಿಯಲ್ಲಿ ಕೆಲಸ ಮುಗಿಸುತ್ತಿದ್ದ ಅವಳು ಇದೊಂದರಲ್ಲಿ ಮಾತ್ರ ಹಟ ಹಿಡಿದಿದ್ದಳು: ‘ನನ್ನ ಗೌರಿಬಿದನೂರಲ್ಲಿ ಇಡಬೇಡಿ ಕಣ್ರೀ. ಅಮ್ಮನ ಪಕ್ಕ ಹಾಕಿ.’ ಹಾಕಿದೆವು. ಮೂರನೆಯ ದಿನ ಹಾಲುತುಪ್ಪ ಬಿಟ್ಟೆವು. ನಾಯಿ ಕೆದಕದಿರಲಿ ಎಂದು ಮೇಲೊಂದು ಚಪ್ಪಡಿ ಎಳೆಸಿದೆ. ಆ ದಿನ ಯಾರಾದರೂ ‘ಕೆರೆಯೊಳಗೆ ಹೂಳ್ತಾ ಇದೀರಲ್ಲಪ್ಪ, ನಾಳೆ ನೀರು ಬಂದ್ರೆ?’ ಎಂದು ಕೇಳಿದ್ದರೆ, ಅಷ್ಟು ದುಃಖದಲ್ಲೂ ನಕ್ಕುಬಿಡುತ್ತಿದ್ದೆವು.

ನೀರು ಬಂತು. ಬೆಂಗಳೂರಿನವರು ಮಿಂದು ತೊಳೆದು ಬಿಟ್ಟ ನೀರನ್ನು ಸೋಸಿ, ಆಳು ನುಗ್ಗುವಂಥ ಪೈಪಿನಲ್ಲಿ ನಮ್ಮ ಕಡೆಯ ಕೆರೆಗಳಿಗೆ ಹರಿಸಿದರು. ಅದರ ಜೊತೆಗೆ ಮಳೆಯೂ ಹಟಕ್ಕೆ ಬಿದ್ದಂತೆ ಹುಯ್ಯಿತು. ಕೆರೆ ತುಂಬಿ ಕೋಡಿ ಹರಿಯಿತು. ಹೆಂಗಸರು ತಂಬಿಟ್ಟಿನ ದೀಪ ಹೊತ್ತು ಬಂದು ಗಂಗಮ್ಮನಿಗೆ ಬಾಗಿನ ಬಿಟ್ಟರು. ಮುದುಕರು ಕಟ್ಟೆಯ ಮೇಲೆ ಕೂತು ಅತ್ತರು. ನಾನೂ ಅತ್ತೆ. ಅವರೆಲ್ಲ ಸಂತೋಷಕ್ಕೆ ಅಳುತ್ತಿದ್ದುದರಿಂದ ನನ್ನನ್ನು ಯಾಕೆ ಎಂದು ಯಾರೂ ಕೇಳಲಿಲ್ಲ.

ನೀವೇ ಹೇಳಿ, ಯಾರ ಹತ್ತಿರ ಹೇಳಿಕೊಳ್ಳಲಿ? ಬತ್ತಿದ ಬೋರ್‌ವೆಲ್ಲುಗಳಲ್ಲಿ ನೀರು ಮೇಲೆ ಬಂದಿತ್ತು. ಊರು ಬಿಟ್ಟು ಕೂಲಿಗೆ ಹೋದವರು ವಾಪಸು ಬಂದು ಟೊಮೇಟೊ ನಾಟಿ ಮಾಡುತ್ತಿದ್ದರು. ಊರೆಲ್ಲ ಉದ್ಧಾರವಾಗುತ್ತಿರುವಾಗ ಒಬ್ಬ ಮುದುಕ ನನ್ನ ಹೆಂಡತಿ ಮುಳುಗಿದಳು ಎಂದು ರಾಗ ತೆಗೆದರೆ ಏನು ಚೆಂದ? ಕೇರಿಯ ಬೇರೆಯವರೂ ಸುಮ್ಮನೇ ಇದ್ದರು. ಅವರವರ ಅಪ್ಪ ಅಮ್ಮಂದಿರೂ ಅಲ್ಲೇ ಇದ್ದರು. ನೀರು ಬಂದದ್ದಕ್ಕೆ ಬೇಜಾರು ಮಾಡಿಕೊಳ್ಳುವ ಹಕ್ಕು ನಮ್ಮ ಸೀಮೆಯಲ್ಲಿ ಯಾರಿಗೂ ಇಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ನೀರು ಬರುವ ಮುಂಚಿನ ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆಸಿದ್ದರು. ಜೆಸಿಬಿ ಬಂದವು, ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ಕೆರೆ ಮಣ್ಣು ಹೊಲಕ್ಕೂ ಒಳ್ಳೆಯದು, ಇಟ್ಟಿಗೆಗೂ ಒಳ್ಳೆಯದು. ನಾನಾಗ ಮಂಡಿ ಆಪರೇಷನ್ ಮಾಡಿಸಿಕೊಂಡು ಗೌರಿಬಿದನೂರಿನಲ್ಲಿ ಕಾಲು ಚಾಚಿ ಮಲಗಿದ್ದೆ. ಸುದ್ದಿ ಕೇಳಿದ್ದೇ ಸೀನನಿಗೆ ಫೋನು ಮಾಡಿದೆ. ಸೀನ ಎಂದರೆ ಶ್ರೀನಿವಾಸ, ಪ್ರಮೀಳನ ಒಬ್ಬನೇ ತಮ್ಮ, ಊರಲ್ಲೇ ಇರುವವನು. ‘ನಮ್ಮ ಕಡೆಗೆ ಬಂದಿಲ್ಲ ಭಾವ. ತೂಬಿನ ಹತ್ರ ಮಾತ್ರ ತೆಗೀತಾ ಅವ್ರೆ. ನೀವು ಕಾಲು ನೋಡ್ಕೊಳ್ಳಿ’ ಎಂದ. ನಾನು ಕಾಲು ನೋಡಿಕೊಂಡೆ.

ಕೆರೆ ತುಂಬಿದ ಮೇಲೆ ಮೀನು ಸಾಕಿ ಹಿಡಿಯುವ ಹಕ್ಕನ್ನು ಹರಾಜು ಹಾಕಿದರು. ಅದನ್ನು ಹಿಡಿದ ಗುಂಪಿನಲ್ಲಿ ಸೀನನೂ ಸೇರಿಕೊಂಡ. ಎಲ್ಲಿಂದಲೋ ಒಂದು ಸಣ್ಣ ಫೈಬರ್ ದೋಣಿ ತಂದರು. ನೀರನ್ನು ಟ್ಯಾಂಕರಿನಲ್ಲಿ ನೋಡಿ ಬೆಳೆದ ಸೀನ ಅದಕ್ಕೆ ಹುಟ್ಟು ಹಾಕುವುದನ್ನು ಕಲಿತದ್ದು ಊರಿಗೇ ಆಶ್ಚರ್ಯ. ಮೊದಮೊದಲು ದೋಣಿ ನಿಂತಲ್ಲೇ ಸುತ್ತುತ್ತಿತ್ತು. ಆಮೇಲಾಮೇಲೆ ಅವನು ಹೇಳಿದ ಕಡೆಗೆ ಹೋಗತೊಡಗಿತು.

ಮೀನು ತೋರಿಸುವ ಪೆಟ್ಟಿಗೆಯನ್ನು ನಾನು ಮೊದಲು ಕಂಡದ್ದು ಮೊಬೈಲಿನಲ್ಲಿ. ಯಾವುದೋ ದೇಶದ ಕೆಂಪು ಮುಖದವನು ದೋಣಿಯಲ್ಲಿ ಕೂತು ಮೀನು ಹುಡುಕುತ್ತಿದ್ದ. ಮೀನು ಹಾಳಾಗಿ ಹೋಗಲಿ, ಅವನ ತೆರೆಯ ಮೇಲೆ ಕೆರೆಯ ತಳ ಗೆರೆ ಎಳೆದಂತೆ ಮೂಡುತ್ತಿತ್ತು. ಕೆಸರಿದ್ದ ಕಡೆ ಮಸುಕು, ಕಲ್ಲು ಸಿಕ್ಕಿದ ಕಡೆ ದಪ್ಪ ಹಳದಿ. ಆ ಹಳದಿ ಕಂಡದ್ದೇ ವಿಡಿಯೊ ನಿಲ್ಲಿಸಿ ಮತ್ತೆ ಮೊದಲಿನಿಂದ ನೋಡಿದೆ. ಪ್ರಮೀಳನ ಮೇಲೂ ಚಪ್ಪಡಿ ಇದೆಯಲ್ಲ! ಜಾಗ ಇದೇ ಎಂದು ಗೊತ್ತಾದರೆ ಸಾಕಾಗಿತ್ತು. ಅದರ ಮೇಲೆ ದೋಣಿ ನಿಲ್ಲಿಸಿ ಒಂದು ಮೊಳ ಹೂವು ಬಿಟ್ಟು ಬರಬಹುದು. ಅದಕ್ಕಿಂತ ಹೆಚ್ಚಿನದೇನೂ ನಾನು ಬಯಸಿರಲಿಲ್ಲ.

ಮಾರನೆಯ ದಿನವೇ ಊರಿಗೆ ಹೋಗಿ ಕಟ್ಟೆಯ ಮೇಲೆ ಬಲೆ ಬಿಡಿಸುತ್ತಿದ್ದ ಸೀನನಿಗೆ ಮೊಬೈಲು ತೋರಿಸಿದೆ.

‘ನಿನ್ನ ದೋಣಿಗೆ ಇದನ್ನ ಹಾಕಿಸಣ ಕಣೋ.’

‘ಮೀನು ತೋರಿಸ್ತದಾ ಭಾವ?’

‘ಮೀನೂ ತೋರಿಸ್ತದೆ, ನಿಮ್ಮಕ್ಕನ ಚಪ್ಪಡೀನೂ ತೋರಿಸ್ತದೆ.’

ಸೀನ ತಲೆ ಎತ್ತಲಿಲ್ಲ. ಗಂಟೊಂದನ್ನು ಬಹಳ ಹೊತ್ತು ಬಿಡಿಸಿದ. ‘ಅದರ ಮೇಲೆ ಹೂಳು ಕೂತಿರ್ತದೆ. ಕಾಣಲ್ಲ ಬಿಡಿ’ ಎಂದ. ಇವನಿಗೆ ಮೀನಿನ ಮೇಲಿರುವ ಆಸೆ ಅಕ್ಕನ ಮೇಲೆ ಇಲ್ಲವಲ್ಲ ಎಂದು ನನಗೆ ಮೈ ಉರಿಯಿತು. ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ ಎಂದು ಗೊಣಗಿಕೊಂಡು ಬಂದೆ.

ಯಾವ ಪೆಟ್ಟಿಗೆ ತರುವುದು ಎಂದು ಆರಿಸುವುದು ಶುರುವಾಯಿತು. ಚಿಕ್ಕಬಳ್ಳಾಪುರದಲ್ಲಿ ಬಲೆ, ಹಗ್ಗ, ಗಾಳ ಮಾರುವ ಅಂಗಡಿಯವನನ್ನು ಕೇಳಿದರೆ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಕೆರೆ ಮೀನಿಗೆ ಮೆಷೀನ್ ಯಾಕೆ ಯಜಮಾನ್ರೇ, ಬೂಸಾ ಉಂಡೆ ಹಾಕಿ, ಬರ್ತವೆ’ ಎಂದ. ಕೊನೆಗೆ ಚಿಂತಾಮಣಿಯಲ್ಲಿ ನರ್ಸ್ ಆಗಿರುವ ಮಗಳು ಕವಿತಳಿಗೆ ಫೋನು ಮಾಡಿ ಆನ್‌ಲೈನಿನಲ್ಲಿ ಹುಡುಕಲು ಹೇಳಿದೆ. ಯಾಕೆ ಎಂದು ಕೇಳಿದಳು, ಹೇಳಿದೆ. ‘ಅಪ್ಪ, ಅಮ್ಮನ ಫೋಟೊ ಮನೇಲೇ ಇದೆಯಲ್ಲಪ್ಪ’ ಎಂದಳು. ‘ಫೋಟೊ ಇರೋದು ನನಗೂ ಗೊತ್ತು. ಆರ್ಡರ್ ಮಾಡ್ತೀಯೋ ಇಲ್ವೋ ಹೇಳು’ ಎಂದೆ. ಗಂಟಲು ನಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು.

ಮೂರು ತರಹದವು ಇದ್ದವು. ಒಂದು ಚೆಂಡಿನಂಥದ್ದು, ದಾರ ಕಟ್ಟಿ ನೀರಿಗೆ ಎಸೆದರೆ ಮೊಬೈಲಿಗೆ ಚಿತ್ರ ಕಳಿಸುತ್ತದೆ. ಇನ್ನೊಂದು ಕೈಯಲ್ಲಿ ಹಿಡಿಯುವಂಥದ್ದು, ಮೀನಿದ್ದರೆ ಮೀನಿನ ಗೊಂಬೆ ತೋರಿಸುತ್ತದೆ, ಅಷ್ಟೇ. ಮೂರನೆಯದು ದೋಣಿಗೆ ಕೂರಿಸುವಂಥದ್ದು. ತೆರೆ ದೋಣಿಯೊಳಗೆ, ಕರಿ ತುಂಡು ನೀರಿನೊಳಗೆ. ಆ ತುಂಡು ತಳದ ಕಡೆಗೆ ಒಂದು ಕೂಗು ಹಾಕುತ್ತದಂತೆ, ನಮಗೆ ಕೇಳಿಸದ ಕೂಗು. ಅದು ತಳಕ್ಕೆ ಬಡಿದು ವಾಪಸು ಬರುವುದನ್ನು ಕೇಳಿಸಿಕೊಂಡು ಆಳ ಹೇಳುತ್ತದಂತೆ. ಸೀನ ಅದಕ್ಕೆ ಕಿವಿ ಎಂದು ಹೆಸರಿಟ್ಟ.

‘ಚೆಂಡು ತಗೊಳ್ಳಣ ಭಾವ. ಕಟ್ಟೆ ಮೇಲಿಂದಲೇ ಎಸೀಬಹುದು’ ಎಂದ.

‘ಅಕ್ಕ ಕಟ್ಟೆ ಕೆಳಗಿದ್ದಾಳೇನೋ? ಕೆರೆ ನಡುವೆ ಇರೋದು.’

‘ಹಂಗಾದ್ರೆ ಗೊಂಬೆದು ತಗೊಳ್ಳಿ. ತಳ ಕಟ್ಕೊಂಡು ನಮಗೇನು? ಮೀನು ಕಂಡ್ರೆ ಸಾಕು.’

ನಾನು ಮೂರನೆಯದನ್ನೇ ತರಿಸಿದೆ.

ಪೆಟ್ಟಿಗೆ ಬಂತು. ಬ್ಯಾಟರಿ ಬೇಕಾಗಿತ್ತು, ಪರಿಚಯದ ಆಟೊದವರೊಬ್ಬರು ತಮ್ಮ ಹಳೆಯದನ್ನು ಕೊಟ್ಟರು. ಬಚ್ಚಲಿನ ತೊಟ್ಟಿಯಲ್ಲಿ ನೀರು ತುಂಬಿಸಿ ಕಿವಿಯನ್ನು ಇಳಿಬಿಟ್ಟು, ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿ ಫ್ಯೂಸು ಸುಟ್ಟೆ. ಫ್ಯೂಸು ಬದಲಾಯಿಸಿದ ಮೇಲೆ ತೆರೆ ಬೆಳಗಿತು. ಬೆಳಗಿದರೆ ಪೂರ್ತಿ ಚೀನಿ ಅಕ್ಷರ. ಒಂದೊಂದೇ ಗುಂಡಿ ಒತ್ತುತ್ತಾ ಇಂಗ್ಲಿಷಿಗೆ ತರುವಷ್ಟರಲ್ಲಿ ಮಧ್ಯಾಹ್ನದ ಊಟ ಆರಿತ್ತು. ಅಷ್ಟಾದ ಮೇಲೆ ಅದು ನನ್ನ ಬಚ್ಚಲಿನ ತೊಟ್ಟಿ ಬಾವಿಗಿಂತ ಆಳ ಎಂದಿತು. ತೊಟ್ಟಿಯಲ್ಲಿ ಕೂಗು ಗೋಡೆಗಳಿಗೆ ಬಡಿದು ದಿಕ್ಕು ತಪ್ಪುತ್ತದೆ ಎಂದು ಆಮೇಲೆ ತಿಳಿಯಿತು.

ತೊಟ್ಟಿಯ ಮುಂದೆ ಒದ್ದೆ ಪಂಚೆಯಲ್ಲಿ ಕೂತಾಗ ನೆನಪಾದದ್ದು ಕೆರೆಯಲ್ಲಿ ಕೊನೆಯ ಸಲ ನೀರಿದ್ದ ಬೇಸಿಗೆ. ನೀರು ಮೊಣಕಾಲಿಗೆ ಇಳಿದಾಗ ಒಂದು ದಿನ ಗೊತ್ತು ಮಾಡಿ ಊರಿಗೆ ಊರೇ ಮೀನು ಹಿಡಿಯಲು ಇಳಿಯುತ್ತಿತ್ತು. ತಳವಿಲ್ಲದ ಬಿದಿರು ಬುಟ್ಟಿಯನ್ನು ಕೆಸರಿಗೆ ಕವುಚಿ ಒತ್ತಿ, ಮೇಲಿನಿಂದ ಕೈ ಹಾಕಿ ತಡಕುವುದು. ಬುಟ್ಟಿ ಇಲ್ಲದವರಿಗೆ ಸೀರೆಯ ಸೆರಗು, ಅದೂ ಇಲ್ಲದವರಿಗೆ ಬರಿಗೈ. ಆಗ ಲಂಗ ಎತ್ತಿಕಟ್ಟಿದ್ದ ಒಬ್ಬ ಹುಡುಗಿ ನನ್ನ ಪಕ್ಕದಲ್ಲೇ ಬಗ್ಗಿ, ಕೆಸರಿನೊಳಗಿಂದ ತೋಳುದ್ದದ ಗೆಂಡೆ ಮೀನನ್ನು ಕಿವಿರು ಹಿಡಿದು ಎಳೆದಳು. ಅವಳಂತೆಯೇ ನಾನೂ ಕೈ ಹಾಕಿದೆ. ಏಡಿ ಹಿಡಿದುಕೊಂಡಿತು. ನಾನು ಬೊಬ್ಬೆ ಹೊಡೆದೆ. ಅವಳು ಬಂದು ಏಡಿಯನ್ನು ಬಿಡಿಸಿ, ಬಿಸಾಡದೆ ತನ್ನ ಬುಟ್ಟಿಗೇ ಹಾಕಿಕೊಂಡು ಹೋದಳು. ಮದುವೆಯಾದ ಮೇಲೂ ಮನೆಯಲ್ಲಿ ಮೀನಿನ ಸಾರು ಮಾಡಿದ ದಿನ ‘ನಿಮಗೆ ಏಡಿ ತರಿಸಲಾ?’ ಎಂದು ಕೇಳದೆ ಬಡಿಸಿದವಳಲ್ಲ. ಅವಳ ಸಾರನ್ನು ಮಾಡಿದ ದಿನ ತಿನ್ನಬಾರದು, ಮಾರನೆಯ ದಿನ ಬಿಸಿ ಮುದ್ದೆಗೆ ತಿನ್ನಬೇಕು. ಈಗ ಮೀನು ಬೇಕಾದಷ್ಟಿದೆ. ಸೀನ ಕೊಟ್ಟು ಕಳಿಸುತ್ತಾನೆ. ಆ ಸಾರು ಮಾಡುವವರು ಇಲ್ಲ. ಒಂದೆರಡು ಸಲ ನಾನೇ ಮಾಡಿ ನೋಡಿ ನಾಯಿಗೆ ಹಾಕಿದೆ, ನಾಯಿ ಮೂಸಿ ನೋಡಿ ನನ್ನ ಮುಖ ನೋಡಿತು.

ದೋಣಿಗೆ ಕೂರಿಸುವುದು ಇನ್ನೊಂದು ಕತೆ. ಮೊದಲು ಕಿವಿಯನ್ನು ದೋಣಿಯ ಒಳಗಡೆ ತಳಕ್ಕೆ ಅಂಟಿಸಿದೆವು. ಫೈಬರ್ ಮೂಲಕವೂ ಕೂಗು ಹೋಗುತ್ತದೆ ಎಂದು ಮೊಬೈಲಿನ ಕೆಂಪು ಮುಖದವನು ಹೇಳಿದ್ದ. ನಮ್ಮ ದೋಣಿಯ ತಳ ಎರಡು ಪದರ, ನಡುವೆ ಥರ್ಮಾಕೋಲು. ಕೂಗು ಅಲ್ಲೇ ಸತ್ತುಹೋಯಿತು, ತೆರೆ ಖಾಲಿ. ಹಿಂಭಾಗಕ್ಕೆ ತೂತು ಕೊರೆದು ಸ್ಕ್ರೂ ಹಾಕೋಣ ಎಂದೆ. ‘ದೋಣಿಗೆ ತೂತಾ? ಭಾವ, ನಿಮಗೆ ಈಜು ಬರ್ತದಾ?’ ಎಂದು ಸೀನ ಡ್ರಿಲ್ಲಿಂಗ್ ಮೆಷೀನನ್ನೇ ಬಚ್ಚಿಟ್ಟ. ಕೊನೆಗೆ ದೋಣಿಯ ಹಿಂದೆ ಒಂದು ಹಲಗೆಯನ್ನು ಹಿಡಿಕೆ ಹಾಕಿ ಬಿಗಿದು, ಹಲಗೆಯ ತುದಿಗೆ ಕಿವಿ ಕೂರಿಸಿದೆವು. ಹಲಗೆ ಕೂರಿಸಿದವನು ಸೀನ. ನೀರಿಗೆ ಬಿಟ್ಟರೆ ಕೆರೆಯ ತಳ ಬೆಟ್ಟ ಹತ್ತುವ ರಸ್ತೆಯ ಹಾಗೆ ಒಂದೇ ಕಡೆ ಏರುತ್ತಾ ಹೋಯಿತು.

‘ಕೆರೇನೇ ಹಂಗೆ ವಾಲಿದೆ ಭಾವ’ ಎಂದ.

‘ಕುಣೀಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಹಲಗೆ ವಾಲಿದೆ’ ಎಂದು ಗಾರೆ ಕೆಲಸದವರ ರಸಮಟ್ಟ ಇಸಿದುಕೊಂಡು ಬಂದು, ಗುಳ್ಳೆ ನಡುವೆ ನಿಲ್ಲುವವರೆಗೆ ಅವನನ್ನು ಕಾಡಿದೆ. ಅದಾದ ಮೇಲೂ ಅವನಿಗೆ ನೂರೆಂಟು ನೆಪ. ಒಂದು ದಿನ ಗಾಳಿ, ಒಂದು ದಿನ ಅಮಾವಾಸ್ಯೆ, ಒಂದು ದಿನ ಹೆಂಡತಿಯ ತಂಗಿಯ ಸೀಮಂತ. ದೋಣಿ ಹತ್ತಿಸಿಕೊಂಡರೂ ಕೋಡಿಯ ಕಡೆ, ತೂಬಿನ ಕಡೆ ಸುತ್ತಿಸಿ ದಡಕ್ಕೆ ತರುತ್ತಿದ್ದ. ‘ಆ ಕಡೆ ಬರೀ ಜಾಲಿ ಮುಳ್ಳು ಭಾವ, ಕಿವಿ ಕಿತ್ಕೊಂಡು ಹೋಗ್ತದೆ.’ ಸೋಮಾರಿ, ಕೈಲಾಗದವನು ಎಂದು ಬಾಯಿಗೆ ಬಂದಂತೆ ಬೈದೆ. ಅವನು ಒಂದು ಮಾತೂ ಎದುರಾಡಲಿಲ್ಲ. ಬೈದರೆ ಬೈಸಿಕೊಳ್ಳುವ ಜಾತಿಯವನಲ್ಲ ಅವನು. ನನಗೆ ಆಗಲಾದರೂ ಅನುಮಾನ ಬರಬೇಕಿತ್ತು.

ಪಿತೃಪಕ್ಷ ಬಂತು. ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ನಿಲ್ದಾಣದ ಮುಂದಿನ ಹೂವಿನವಳ ಹತ್ತಿರ ಕನಕಾಂಬರ ತೆಗೆದುಕೊಂಡೆ. ಪ್ರಮೀಳನಿಗೆ ಮಲ್ಲಿಗೆಯ ವಾಸನೆಗೆ ತಲೆನೋವು, ಮುಡಿಯುತ್ತಿದ್ದುದು ಕನಕಾಂಬರ ಒಂದನ್ನೇ. ಊರು ತಲುಪಿ ನೇರ ದೋಣಿಯಲ್ಲಿ ಕೂತು, ‘ಇವತ್ತು ನಾನು ಹೇಳಿದ ಕಡೆ ಹೋಗ್ಬೇಕು’ ಎಂದೆ. ಸೀನ ಹೂವಿನ ಪೊಟ್ಟಣ ನೋಡಿದ. ನೆಪ ಹೇಳಲಿಲ್ಲ.

ಜಾಗದ ಗುರುತು ನನ್ನ ತಲೆಯಲ್ಲಿತ್ತು. ಸಮಾಧಿಯ ಹತ್ತಿರ ನಿಂತರೆ ತೂಬಿನ ಎರಡು ಕಂಬ ಒಂದರ ಹಿಂದೆ ಒಂದು ಅಡಗಿ ಒಂದೇ ಕಂಬದ ಹಾಗೆ ಕಾಣುತ್ತಿದ್ದವು. ಬಲಗಡೆಗೆ ತಿರುಗಿದರೆ ದಡದ ಹುಣಸೆಮರದ ತುದಿ ಹಿಂದಿನ ಬಂಡೆಯ ನೆತ್ತಿಗೆ ಸರಿಯಾಗಿ ತಾಗುತ್ತಿತ್ತು. ಎರಡೂ ಒಟ್ಟಿಗೆ ಕೂಡುವ ಜಾಗ ಇಡೀ ಕೆರೆಯಲ್ಲಿ ಒಂದೇ. ‘ಎಡಕ್ಕೆ, ಇನ್ನೂ ಸ್ವಲ್ಪ, ಸಾಕು, ಮುಂದಕ್ಕೆ’ ಎಂದು ಹೇಳುತ್ತಾ ತೆರೆಯ ಮೇಲೆ ಕಣ್ಣಿಟ್ಟೆ. ತಳ ಸಮವಾಗಿ ಬರುತ್ತಿತ್ತು, ಮಸುಕು ಗೆರೆ, ಕೆಸರು. ಆಳ ಹತ್ತು ಅಡಿ, ಹನ್ನೊಂದು ಅಡಿ. ಕಂಬಗಳು ಒಂದಾದವು. ಹುಣಸೆ ಬಂಡೆಯ ಹತ್ತಿರ ಹತ್ತಿರ ಬಂತು. ಚಪ್ಪಡಿಯ ಹಳದಿ ಈಗ ಬರುತ್ತದೆ, ಈಗ ಬರುತ್ತದೆ ಎಂದು ತೆರೆಯ ಕಡೆಗೆ ಇನ್ನಷ್ಟು ಬಗ್ಗಿದೆ.

ಗೆರೆ ಕಡಿದು ಕೆಳಗೆ ಬಿತ್ತು. ಮೂವತ್ತು ಅಡಿ. ಹಿಂದಕ್ಕೆ ತಗೋ ಎಂದೆ, ತಗೊಂಡ. ಹನ್ನೊಂದು. ಮುಂದಕ್ಕೆ, ಮೂವತ್ತು. ಸುತ್ತಲೂ ತಿರುಗಿಸಿದೆವು. ಗೋಡೆ ಕತ್ತರಿಸಿದಂತೆ ಅಂಚುಳ್ಳ ದೊಡ್ಡ ಗುಂಡಿ. ಕೆರೆ ತಾನಾಗಿ ಅಂಥ ಅಂಚು ಮಾಡಿಕೊಳ್ಳುವುದಿಲ್ಲ. ಬಿಸಿಲು ಏರುತ್ತಿತ್ತು, ತಂಪು ಹುಡುಕಿಕೊಂಡು ಕೆರೆಯ ಮೀನೆಲ್ಲ ಆ ಗುಂಡಿಗೆ ಬಂದು ಸೇರಿತ್ತು. ತೆರೆಯ ತುಂಬ ಮೀನು. ಕಲ್ಲಿಲ್ಲ.

‘ಸೀನ.’

ಅವನು ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ.

‘ಯಾವಾಗ ಗೊತ್ತಾಯ್ತೋ?’

‘ತೆಗೆದ ದಿನಾನೇ ಭಾವ.’

‘ನಮ್ಮ ಕಡೆ ಬಂದಿಲ್ಲ ಅಂದೆಯಲ್ಲೋ ಫೋನಲ್ಲಿ.’

‘ನೀವು ಫೋನ್ ಮಾಡಿದಾಗ ಬಂದಿರ್ಲಿಲ್ಲ. ಮಾರನೇ ದಿನ ಬಂದ್ರು. ನಾನು ತೋಟದಿಂದ ಓಡಿ ಬರೋ ಹೊತ್ಗೆ ಅಮ್ಮನ ಜಾಗ, ಅಕ್ಕನ ಜಾಗ ಎಲ್ಲಾ ಎತ್ತಿ ಆಗಿತ್ತು. ಕಲ್ಲನ್ನ ಯಾರೋ ಚರಂಡಿಗೆ ಹಾಕ್ಕೊಳ್ಳೋಕೆ ಹೊತ್ಕೊಂಡು ಹೋದ್ರಂತೆ. ಮಣ್ಣು ಎಲ್ಲಿ ಅಂದೆ. ಇಟ್ಟಿಗೆ ಗೂಡಿಗೆ ಹೋಯ್ತು ಅಂದ್ರು. ಬೈಕ್ ಹಾಕ್ಕೊಂಡು ಹಿಂದೇನೇ ಹೋದೆ ಭಾವ. ಅಲ್ಲಿ ಮಣ್ಣು ಗುಡ್ಡೆಗುಡ್ಡೆ ಬಿದ್ದಿತ್ತು. ಯಾವ ಗುಡ್ಡೆ ಅಂತ ಹೇಳೋದು? ಆಗ್ಲೇ ನೀರು ಬಿಟ್ಟು ತುಳೀತಾ ಇದ್ರು. ನಿಂತ್ಕೊಂಡು ನೋಡ್ದೆ. ಬಂದ್ಬಿಟ್ಟೆ.’

‘ನನಗ್ಯಾಕೋ ಹೇಳ್ಲಿಲ್ಲ?’

‘ಏನಂತ ಹೇಳ್ಲಿ? ನೀವು ಕಾಲಿಗೆ ಕಟ್ಟು ಹಾಕ್ಕೊಂಡು ಮಲಗಿದ್ರಿ. ಎದ್ದ ಮೇಲೆ ಹೇಳಣ ಅಂದ್ಕೊಂಡೆ, ಅಷ್ಟರಲ್ಲಿ ನೀರು ಬಂತು. ಇನ್ಯಾರಿಗೂ ಕಾಣಲ್ಲ, ನೀರಡಿ ಅವ್ಳೆ ಅಂತ ಇರ್ಲಿ ಅಂತ ಸುಮ್ನಾದೆ. ನೀವು ಹೋಗಿ ಹೋಗಿ ಈ ಮೆಷೀನ್ ತರ್ತೀರಿ ಅಂತ ನನಗೇನ್ ಗೊತ್ತು?’

ಅವನು ಅಳುತ್ತಿದ್ದ. ಬಯ್ಯಲು ಬಾಯಿ ತೆರೆದೆ. ಬಯ್ಯುವುದು ಯಾರನ್ನು? ಮಣ್ಣು ತೆಗೆದವರಿಗೆ ಅದು ಮಣ್ಣು. ಇದು ಸ್ಮಶಾನ ಎಂದು ಒಂದು ಬೇಲಿ ಇರಲಿಲ್ಲ, ಒಂದು ಬೋರ್ಡು ಇರಲಿಲ್ಲ, ಯಾವ ಆಫೀಸಿನಲ್ಲೂ ಅದು ಸ್ಮಶಾನ ಆಗಿರಲಿಲ್ಲ. ಸೀನ ಹಲಗೆ ಸೊಟ್ಟ ಕೂರಿಸಿದ್ದು, ಡ್ರಿಲ್ಲಿಂಗ್ ಮೆಷೀನು ಬಚ್ಚಿಟ್ಟದ್ದು, ಮುಳ್ಳಿನ ನೆಪ ಹೇಳಿದ್ದು ಎಲ್ಲ ಒಟ್ಟಿಗೆ ಅರ್ಥವಾಯಿತು. ಅವನು ನನಗಾಗಿ ಇಡೀ ಒಂದು ಕೆರೆಯನ್ನು ಮುಚ್ಚಿಟ್ಟಿದ್ದ. ನಾನು ರಸಮಟ್ಟ ಹಿಡಿದು, ಫ್ಯೂಸು ಬದಲಾಯಿಸಿ, ಚೀನಿ ಅಕ್ಷರ ದಾಟಿ ಬಂದು ಅದನ್ನು ಬಿಚ್ಚಿ ನೋಡಿದ್ದೆ. ನೀರಿನಡಿಯಲ್ಲಾದರೂ ಇದ್ದಾಳೆ ಎಂಬ ನಂಬಿಕೆಯನ್ನು ನನ್ನ ಕೈಯಾರೆ ಕಳೆದುಕೊಂಡೆ. ಇನ್ನು ಅವಳು ಎಲ್ಲೂ ಇಲ್ಲ. ಯಾವುದೋ ಮನೆಯ ಗೋಡೆಯಲ್ಲಿ, ಯಾವುದೋ ಕಾಂಪೌಂಡಿನಲ್ಲಿ, ಯಾವುದೋ ದನದ ಕೊಟ್ಟಿಗೆಯಲ್ಲಿ ಎಂದು ಹೇಳಿಕೊಳ್ಳಬಹುದು. ಅದು ಎಲ್ಲೂ ಇಲ್ಲ ಎನ್ನುವುದಕ್ಕಿಂತ ಹೇಗೆ ಬೇರೆ ಎಂದು ನನಗೆ ತಿಳಿಯದು.

ಕಣ್ಣೊರೆಸಿಕೊಂಡು ಸೀನ, ‘ಹೂವ ಬಿಡಿ ಭಾವ, ತಂದಿದೀರಲ್ಲ’ ಎಂದ.

‘ಎಲ್ಲಿಗೋ ಬಿಡ್ಲಿ?’ ಎಂದೆ.

ಅವನು ದೋಣಿ ತಿರುಗಿಸಿದ. ದಡ ಮುಟ್ಟಿದ ಮೇಲೆ ಊಟ ಮಾಡಿಕೊಂಡು ಹೋಗಿ ಎಂದ, ಬೇಡ ಎಂದೆ. ಪೆಟ್ಟಿಗೆಯನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಟ್ಟ. ಮಂಚೇನಹಳ್ಳಿ ಕಡೆಯಿಂದ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು ನನ್ನನ್ನು ಹತ್ತಿಸಿದ. ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಹೆಂಗಸು ಸರಿದು ಜಾಗ ಕೊಟ್ಟಳು. ನನ್ನ ತೊಡೆಯ ಮೇಲಿದ್ದ ಪೊಟ್ಟಣದಿಂದ ಕನಕಾಂಬರ ಹೊರಗೆ ಇಣುಕುತ್ತಿತ್ತು.

‘ಒಳ್ಳೆ ಬಣ್ಣದ ಹೂವ. ಮನೇಲಿ ಅಮ್ಮಾವ್ರಿಗಾ?’ ಎಂದು ಕೇಳಿದಳು.

ಹೌದಮ್ಮ ಎಂದೆ.

ಅವಳು ತನ್ನ ನೀರಿನ ಬಾಟಲಿ ತೆರೆದು ಅಂಗೈಗೆ ನೀರು ಬಿಟ್ಟುಕೊಂಡು ಹೂವಿನ ಮೇಲೆ ಚಿಮುಕಿಸಿದಳು. ‘ಎಲ್ಲೂ ನಿಲ್ಲದೆ ನೇರ ತಗೊಂಡೋಗಿ ಕೊಡಿ’ ಎಂದಳು, ‘ಬಿಸಿಲು ಜಾಸ್ತಿ, ಬಾಡ್ಬಿಡ್ತದೆ.’